ಡಬ್ಬಿ ಮೇಲೆ ಟೈಮ್ ಬರೆದ್ರಾ?

ಈ ಸಲದ ಪ್ರಶ್ನೆಗಳೆಲ್ಲಾ ಒಂದೇ ಟೆಸ್ಟಿನ ಸುತ್ತ. ಕ್ಯಾಲ್‌ಪ್ರೊಟೆಕ್ಟಿನ್ ಅಂತ, ಮಲದಲ್ಲಿ ಮಾಡೋ ಟೆಸ್ಟು. ಕರುಳಲ್ಲಿ ಉರಿಯೂತ ಇದ್ರೆ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣ ಅಲ್ಲಿಗೆ ಮುತ್ತಿಕೊಳ್ಳುತ್ತೆ, ಆ ಕಣದೊಳಗೆ ತುಂಬಿರೋ ಪ್ರೊಟೀನೇ ಇದು, ಅದು ಮಲದ ಜೊತೆ ಹೊರಗೆ ಬರುತ್ತೆ, ಒಂದು ಗ್ರಾಂ ಮಲದಲ್ಲಿ ಎಷ್ಟು ಮೈಕ್ರೋಗ್ರಾಂ ಇದೆ ಅಂತ ಲ್ಯಾಬಿನವರು ಅಳೀತಾರೆ. 50ರ ಒಳಗೆ ಬಂದ್ರೆ ಸಾಮಾನ್ಯವಾಗಿ ಉರಿಯೂತ ಇಲ್ಲ ಅಂತ ಲೆಕ್ಕ, 250 ದಾಟಿದ್ರೆ ಇದೆ ಅಂತ ಅನುಮಾನ ಗಟ್ಟಿ, ನಡುವೆ ಬಂದ್ರೆ ಕೆಲವು ವಾರ ಬಿಟ್ಟು ಇನ್ನೊಂದ್ಸಲ ಮಾಡಿಸಿ ಅಂತಾರೆ. ಬರೀ ಐಬಿಎಸ್ಸಾ (ಉರಿಯೂತ ಇಲ್ಲದೆ ಹೊಟ್ಟೆ ಕೆಡೋ ತೊಂದರೆ) ಅಥವಾ ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ತರ ಕರುಳಲ್ಲಿ ಉರಿಯೂತ ಬರೋ ದೀರ್ಘ ಕಾಯಿಲೆನಾ, ಕೊಲೊನೊಸ್ಕೊಪಿ (ಕ್ಯಾಮೆರಾ ಇರೋ ಟ್ಯೂಬ್ ಹಾಕಿ ದೊಡ್ಡ ಕರುಳು ನೋಡೋದು) ಬೇಕಾ ಬೇಡ್ವಾ ಅಂತ ನಿರ್ಧಾರ ಮಾಡೋಕೆ ಡಾಕ್ಟ್ರುಗಳಿಗೆ ಇದು ಬಹಳ ಸಹಾಯ. ಆದ್ರೆ ಇಷ್ಟು ದುಡ್ಡು ಕೊಟ್ಟು ಮಾಡಿಸೋ ಟೆಸ್ಟಿನ ಅರ್ಧ ಹಣೆಬರಹ ನಮ್ಮನೆ ಬಾತ್‌ರೂಮಲ್ಲೇ ಬರೆದುಬಿಡುತ್ತೆ, ಅದನ್ನ ಯಾರೂ ಬಿಡಿಸಿ ಹೇಳಲ್ಲ. ಅದಕ್ಕೇ ಈ ಪುಟ.

ಮೇಡಂ ನಮಸ್ಕಾರ್ರೀ. ನಮ್ಮ ಅಪ್ಪಾಗ ಮೂರು ತಿಂಗಳಿಂದ ಸಂಡಾಸದಾಗ ಲೋಳಿ ಬರಾಕತ್ತೈತಿ. ಡಾಕ್ಟರು ಕ್ಯಾಲ್‌ಪ್ರೊಟೆಕ್ಟಿನ್ ಬರದಾರ. ನಮ್ಮದು ರಾಯಚೂರಿಂದ ಒಳಗಿನ ಹಳ್ಳಿ, ಲ್ಯಾಬಿಗೆ ಒಂದೂವರೆ ತಾಸು ಬಸ್ಸು. ಅಪ್ಪಾಗ ಹೆಚ್ಚಾಗಿ ರಾತ್ರಿನ ಬರ್ತೈತಿ, ಮುಂಜಾನಿ ಬರಂಗಿಲ್ಲ. ರಾತ್ರಿದು ಇಟ್ಟು ಮುಂಜಾನಿ ಒಯ್ದ್ರ ನಡಿತೈತೇನ್ರಿ? ಮನಿಯಾಗ ಫ್ರಿಜ್ ಇಲ್ಲ, ಬ್ಯಾಸಗಿ ಬ್ಯಾರೆ.
*ರಾಯಚೂರು ಜಿಲ್ಲೆಯಿಂದ ಒಬ್ಬ ಮಗ*

ನಡಿಯುತ್ತೆ, ಆದ್ರೆ ತಂಪಾಗಿಡೋ ವ್ಯವಸ್ಥೆ ಮಾಡ್ಕೊಂಡ್ರೆ ಮಾತ್ರ.

ಇದರ ಹಿಂದಿನ ಕಥೆ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಲ್ಯಾಬಿನವರೂ ಎಷ್ಟೋ ಸಲ "ಏನಾಗಲ್ಲ ತಗೊಂಬನ್ನಿ" ಅಂದುಬಿಡ್ತಾರೆ. ಈ ಪ್ರೊಟೀನನ್ನ 1980ರ ಸುಮಾರಿಗೆ ನಾರ್ವೆಯವರು ರಕ್ತಕಣದಿಂದ ಬೇರ್ಪಡಿಸಿದ್ದು, 1992ರಲ್ಲಿ ಅದೇ ನಾರ್ವೆಯವರು ಮಲದಲ್ಲಿ ಅಳೆಯೋ ವಿಧಾನ ಬರೆದ್ರು, ಆಗ ಹೊರಗೇ ಒಂದು ವಾರ ಇಟ್ರೂ ಕೆಡಲ್ಲ ಅಂತ ಬರೆದಿದ್ರು. ಆ ಮಾತು ಕರಪತ್ರದಿಂದ ಕರಪತ್ರಕ್ಕೆ ಇವತ್ತಿಗೂ ಓಡಾಡ್ತಾನೇ ಇದೆ. ಆಮೇಲೆ 2015ರಲ್ಲಿ ಸ್ವೀಡನ್ನಿನವರು ಅಲ್ಸರೇಟಿವ್ ಕೊಲೈಟಿಸ್ ಇರೋರ ಮಲ ತಗೊಂಡು ಹಾಗೇ ಹೊರಗಿಟ್ಟು ನೋಡಿದ್ರೆ, ಮೂರು ದಿನದ ತನಕ ಪರವಾಗಿಲ್ಲ, ಏಳು ದಿನ ಆಗೋ ಹೊತ್ತಿಗೆ ಸರಾಸರಿ ಕಾಲು ಭಾಗಕ್ಕಿಂತ ಜಾಸ್ತಿ ಇಳಿದುಹೋಗಿತ್ತು. ಹಾಗಾಗಿ ಈಗ ಮೂರು ದಿನದೊಳಗೆ ಲ್ಯಾಬಿಗೆ ಮುಟ್ಟಿಸಿ ಅಂತಾರೆ.

ಇಲ್ಲೊಂದು ವಿಷಯ ಗಮನಿಸಿ. ಅವರು ರೂಂ ಟೆಂಪರೇಚರ್ ಅಂದಾಗ ಲ್ಯಾಬಿನ ಲೆಕ್ಕದಲ್ಲಿ 20ರಿಂದ 25 ಡಿಗ್ರಿ. ನಿಮ್ಮ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ತಗಡಿನ ಶೀಟ್ ಕೆಳಗಿನ ರೂಂ ಅಂದ್ರೆ 40ರ ಆಚೆ ಈಚೆ. ಬಿಸಿ ಹೆಚ್ಚಾದಷ್ಟೂ ಪ್ರೊಟೀನ್ ಬೇಗ ಒಡೆಯುತ್ತೆ, ಮಲದಲ್ಲಿರೋ ಬ್ಯಾಕ್ಟೀರಿಯಾಗಳಂತೂ ಹೊರಗೆ ಬಂದ ಮೇಲೂ ತಮ್ಮ ಕೆಲಸ ನಿಲ್ಸಲ್ಲ. ಸ್ವೀಡನ್ನಿನ ಮೂರು ದಿನ ರಾಯಚೂರಿಗೆ ಮೂರು ದಿನ ಅಲ್ಲ.

ಇನ್ನೊಂದು, ನನ್ನ ಪ್ರಕಾರ ಇದೇ ಮುಖ್ಯವಾದದ್ದು. ಬೇರೆ ಎಷ್ಟೋ ಟೆಸ್ಟಲ್ಲಿ ಸ್ಯಾಂಪಲ್ ಕೆಟ್ರೆ ರಿಪೋರ್ಟು ವಿಚಿತ್ರವಾಗಿ ಬರುತ್ತೆ, ಡಾಕ್ಟ್ರಿಗೆ ಡೌಟ್ ಬಂದು ಇನ್ನೊಂದ್ಸಲ ಮಾಡಿಸ್ತಾರೆ. ಇಲ್ಲಿ ಹಂಗಲ್ಲ, ಬಿಸಿಲಲ್ಲಿ ಕೂತ ಸ್ಯಾಂಪಲ್ಲಿನ ನಂಬರ್ ಮೆಲ್ಲಗೆ ಇಳಿಯುತ್ತೆ. 300 ಇರಬೇಕಾದ್ದು 200 ಅಂತ ಬಂದ್ರೆ ನೋಡಿದೋರಿಗೆ ಖುಷಿನೇ ಆಗುತ್ತೆ, "ಅಷ್ಟೇನಿಲ್ಲ ಬಿಡಿ" ಅಂತ ಮಾತ್ರೆ ಬರೆದು ಕಳಿಸ್ತಾರೆ. ಒಳಗೆ ಕಾಯಿಲೆ ಹಾಗೇ ಇರುತ್ತೆ.

ಈಗ ನಿಮ್ಮ ಅಪ್ಪಾಜಿ ವಿಷಯ. ಫ್ರಿಜ್ ಇರೋ ಪಕ್ಕದ ಮನೆಯವರನ್ನ ಕೇಳೋಕೆ ಮುಜುಗರ ಆದ್ರೆ, ಮೆಡಿಕಲ್ ಶಾಪಿನಲ್ಲಿ ಇನ್ಸುಲಿನ್ ಜೊತೆ ಕೊಡೋ ಜೆಲ್ ಪ್ಯಾಕ್ ಎರಡು ಕೇಳಿ ಇಸ್ಕೊಳ್ಳಿ, ಅದನ್ನ ಅಂಗಡಿಯವರ ಫ್ರೀಜರಲ್ಲೇ ಗಟ್ಟಿ ಮಾಡಿಸಿ ಸಂಜೆ ತನ್ನಿ, ಚಿಕ್ಕ ಥರ್ಮಾಕೋಲ್ ಡಬ್ಬದಲ್ಲಿ ಹಾಕಿ ಮುಚ್ಚಿಟ್ರೆ ಬೆಳಗಿನ ತನಕ ತಂಪು ಇರುತ್ತೆ. ಡಬ್ಬಿನ ಜೆಲ್ ಪ್ಯಾಕಿಗೆ ನೇರ ಒತ್ತಿಡಬೇಡಿ, ಮಧ್ಯೆ ಬಟ್ಟೆ ಹಾಕಿ. ಅದೂ ಸಿಗಲಿಲ್ವಾ, ನೀರಿನ ಹಳೇ ಮಣ್ಣಿನ ಗಡಿಗೆ ಇದ್ರೆ ಅದರೊಳಗೆ ಕವರ್ ಸುತ್ತಿದ ಡಬ್ಬಿ ಇಟ್ಟು, ಹೊರಗೆ ಒದ್ದೆ ಗೋಣಿ ಸುತ್ತಿ ಗಾಳಿ ಆಡೋ ನೆರಳಲ್ಲಿಡಿ. ನಿಮ್ಮ ಕಡೆ ಒಣ ಹವೆ, ಗಡಿಗೆ ಚೆನ್ನಾಗಿ ತಣಿಯುತ್ತೆ. ಫ್ರಿಜ್ಜಿಗೆ ಅದು ಸಮ ಅಲ್ಲ, ರಾತ್ರಿಯಿಂದ ಬೆಳಿಗ್ಗೆ ತನಕ ಕಳೆಯೋಕೆ ಸಾಕು. ಆ ಗಡಿಗೆನ ಮತ್ತೆ ಕುಡಿಯೋ ನೀರಿಗೆ ಬಳಸಬೇಡಿ ಅಂತ ಬೇರೆ ಹೇಳ್ಬೇಕಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡಿ, ಕಿಟಕಿ ಪಕ್ಕದ ಬಿಸಿಲಲ್ಲಿ ಬ್ಯಾಗ್ ಇಡಬೇಡಿ.

ಡಬ್ಬಿ ಮೇಲೆ ಅಪ್ಪಾಜಿ ಹೆಸರು, ವಯಸ್ಸು ಬರೆದ ಮೇಲೆ "ರಾತ್ರಿ 9.30" ಅಂತ ಟೈಮೂ ತಾರೀಖೂ ಬರೀರಿ. ಮುಚ್ಚಳದ ಮೇಲಲ್ಲ, ಡಬ್ಬಿಯ ಮೈಮೇಲೆ. ಮುಚ್ಚಳ ತೆಗೆದಿಟ್ರೆ ಯಾರದ್ದು ಯಾವುದು ಅಂತ ಗೊತ್ತಾಗಲ್ಲ.

ನಮ್ಮತ್ತೆಯವರು ಮಡಿ ಜಾಸ್ತಿ. ಫ್ರಿಜ್ಜಲ್ಲಿ ಇದನ್ನ ಇಡ್ತೀನಿ ಅಂದಿದ್ದಕ್ಕೆ ಮನೇಲಿ ದೊಡ್ಡ ರಾಮಾಯಣ ಆಯ್ತು. ಹಾಲು, ದೋಸೆ ಹಿಟ್ಟು ಎಲ್ಲಾ ಅಲ್ಲೇ ಇರೋದು. ಆರೋಗ್ಯದ ದೃಷ್ಟಿಯಿಂದ ನಿಜವಾಗ್ಲೂ ತಪ್ಪಾ?
*ಮೈಸೂರು*

ನಿಮ್ಮತ್ತೆ ಹೇಳೋದ್ರಲ್ಲಿ ಅರ್ಧ ಸರಿ ಇದೆ, ನಾನು ಅವರ ಕಡೆನೂ ಸ್ವಲ್ಪ ನಿಲ್ತೀನಿ. ಮಲದಲ್ಲಿ ರೋಗಾಣು ಇರಬಹುದು, ಹೊರಗೆ ಸೋರಿದ್ರೆ ತೊಂದರೆನೇ. ಸೋರದ ಹಾಗೆ ಇಟ್ರೆ ದೋಸೆ ಹಿಟ್ಟಿಗೆ ಏನೂ ಆಗಲ್ಲ. ಲ್ಯಾಬಿನ ಸ್ಕ್ರೂ ಮುಚ್ಚಳದ ಡಬ್ಬಿನ ಬಿಗಿಯಾಗಿ ತಿರುಗಿಸಿ, ಹೊರಗಡೆ ಒರೆಸಿ, ಜಿಪ್ ಕವರಲ್ಲಿ ಹಾಕಿ, ಆ ಕವರನ್ನ ಇನ್ನೊಂದು ಕವರಲ್ಲಿ ಹಾಕಿ, ಅದೆಲ್ಲಾ ಹಳೇ ಐಸ್‌ಕ್ರೀಂ ಡಬ್ಬದಲ್ಲಿಟ್ಟು ಮುಚ್ಚಿ, ಎಲ್ಲಕ್ಕಿಂತ ಕೆಳಗಿನ ಶೆಲ್ಫಲ್ಲಿ ಇಡಿ, ಮೇಲೆ ಇಟ್ರೆ ಏನಾದ್ರೂ ಸೋರಿದ್ರೆ ಕೆಳಗಿನದಕ್ಕೆಲ್ಲಾ ಬೀಳುತ್ತೆ. ಬಾಗಿಲಲ್ಲಿ ಬೇಡ, ತೆಗೆದು ಹಾಕೋವಾಗೆಲ್ಲಾ ಅಲ್ಲಿ ತಂಪು ಹೋಗುತ್ತೆ. ಆ ಐಸ್‌ಕ್ರೀಂ ಡಬ್ಬನ ಆಮೇಲೆ ಬಿಸಾಕಿ, ನಮ್ಮ ಮನೆಗಳಲ್ಲಿ ಅದು ತೊಳೆದು ಉಪ್ಪಿನಕಾಯಿಗೆ ಬಂದುಬಿಡುತ್ತೆ!

ಅಷ್ಟಕ್ಕೂ ಒಪ್ಪಲ್ಲ ಅಂದ್ರೆ ಜಗಳ ಬೇಡ, ಮೈಸೂರಿನ ಹವೆಗೆ ಬೆಳಿಗ್ಗೆದನ್ನ ಎರಡು ಮೂರು ಗಂಟೆಯೊಳಗೆ ಕೈಯಲ್ಲೇ ತಗೊಂಡು ಹೋಗಿ ಕೊಟ್ರೆ ಫ್ರಿಜ್ಜೇ ಬೇಕಾಗಿಲ್ಲ.

ಸ್ಟೂಲ್ ರೊಟೀನ್, ಸ್ಟೂಲ್ ಕಲ್ಚರ್, ಕ್ಯಾಲ್‌ಪ್ರೊಟೆಕ್ಟಿನ್ ಮೂರೂ ಬರೆದಿದ್ದಾರೆ. ಒಂದೇ ಡಬ್ಬಿ ಕೊಟ್ರೆ ಸಾಕಾ? ಹಿಂದಿನ ದಿನದ್ದು ಫ್ರಿಜ್ಜಲ್ಲಿಟ್ಟಿದೀನಿ.
*ದಾವಣಗೆರೆ*

ಸಾಕಾಗಲ್ಲ. ಕ್ಯಾಲ್‌ಪ್ರೊಟೆಕ್ಟಿನ್ನಿಗೆ ಫ್ರಿಜ್ಜಿಂದು ಚಿನ್ನ, ರೊಟೀನಿಗೆ ಅದು ನಷ್ಟ. ರೊಟೀನಲ್ಲಿ ಮೈಕ್ರೋಸ್ಕೋಪ್ ಕೆಳಗೆ ಓಡಾಡೋ ಅಮೀಬಾ ಹುಡುಕ್ತಾರೆ, ಅದು ತಣ್ಣಗಾದ್ರೆ ಸತ್ತುಹೋಗುತ್ತೆ, ನೀರು ಭೇದಿ ಆಗಿದ್ರೆ ಅರ್ಧ ಮುಕ್ಕಾಲು ಗಂಟೆಯೊಳಗೆ ನೋಡಬೇಕು, ಹಾಗಾಗಿ ಅದನ್ನ ಲ್ಯಾಬಿನ ಟಾಯ್ಲೆಟ್ಟಲ್ಲೇ ಕೊಡೋದು ಒಳ್ಳೇದು. ಕಲ್ಚರ್ ಅಂದ್ರೆ ರೋಗಾಣು ಬೆಳೆಸಿ ನೋಡೋ ಟೆಸ್ಟು, ಅದಕ್ಕೂ ಬೇಗ ಕೊಡಬೇಕು, ತಡ ಆಗೋ ಹಾಗಿದ್ರೆ ಲ್ಯಾಬಿನವರು ರೋಗಾಣು ಸಾಯದ ಹಾಗೆ ಕಾಪಾಡೋ ಕ್ಯಾರಿ ಬ್ಲೇರ್ ಅನ್ನೋ ಮೀಡಿಯಾ ಇರೋ ಟ್ಯೂಬ್ ಕೊಡ್ತಾರೆ. ಆದ್ರೆ ಕ್ಯಾಲ್‌ಪ್ರೊಟೆಕ್ಟಿನ್ನಿಗೆ ಆ ಟ್ಯೂಬಿಂದು ಬರಲ್ಲ, ಫಾರ್ಮಲಿನ್ ಹಾಕಿದ್ದೂ ಬರಲ್ಲ, ಏನೂ ಇಲ್ಲದ ಖಾಲಿ ಡಬ್ಬಿನೇ ಬೇಕು. ನಿನ್ನೆದು ಕ್ಯಾಲ್‌ಪ್ರೊಟೆಕ್ಟಿನ್ನಿಗೆ ಕೊಡಿ, ಉಳಿದೆರಡಕ್ಕೆ ಹೊಸದು ಕೊಡಿ.

ನಮ್ಮ ಮನೆಯಲ್ಲಿ ಇಂಡಿಯನ್ ಟಾಯ್ಲೆಟ್, ಕೂತ ತಕ್ಷಣ ನೀರಲ್ಲಿ ಹೋಗಿಬಿಡ್ತದೆ. ಹ್ಯಾಗೆ ಹಿಡಿಯೋದು ಮಾರಾಯ್ರೆ? ಎಷ್ಟು ಬೇಕು?
*ಪುತ್ತೂರು*

ಎಲ್ಲರೂ ಕೇಳಬೇಕಾದ ಪ್ರಶ್ನೆ, ನಾಚಿಕೆಯಿಂದ ಯಾರೂ ಕೇಳಲ್ಲ. ಮೊದಲು ಮೂತ್ರ ಮಾಡಿ ಮುಗಿಸಿ, ಮೂತ್ರ ಬೆರೆತ್ರೆ ಮಲ ತೆಳುವಾಗುತ್ತೆ. ಆಮೇಲೆ ಒಣ ಜಾಗದಲ್ಲಿ, ಪ್ಲಾಸ್ಟಿಕ್ ಕೋಟಿಂಗ್ ಇರೋ ಪೇಪರ್ ತಟ್ಟೆ ಇಟ್ಕೊಂಡು ಕೂತ್ಕೊಳ್ಳಿ, ನಿಮ್ಮ ಕಡೆ ಹಾಳೆ ತಟ್ಟೆ ಮನೆ ಮನೆಯಲ್ಲಿದೆಯಲ್ಲ, ಅದರ ಮೇಲೆ ಹೊಸ ಪ್ಲಾಸ್ಟಿಕ್ ಕವರ್ ಹಾಸಿದ್ರೂ ಆಯ್ತು. ಕಮೋಡ್ ಇದ್ದೋರು ಸೀಟ್ ಎತ್ತಿ ಅಗಲ ಕವರ್ ಜೋಳಿಗೆ ತರ ಇಳಿಬಿಟ್ಟು ಸೀಟ್ ಹಾಕಿದ್ರೆ ಮುಗೀತು. ಟಾಯ್ಲೆಟ್ ಕ್ಲೀನರ್ ಹಾಕಿದ ನೀರು ತಾಗಬಾರದು. ಜೆಟ್ ಸ್ಪ್ರೇ ಬಳಸೋದು ಸ್ಯಾಂಪಲ್ ಎತ್ತಿಟ್ಟ ಮೇಲೆ.

ಡಬ್ಬಿ ಮುಚ್ಚಳಕ್ಕೆ ಅಂಟಿರೋ ಪುಟ್ಟ ಚಮಚ ಇದೆಯಲ್ಲ, ಅದ್ರಲ್ಲಿ ಮೂರು ನಾಲ್ಕು ಜಾಗದಿಂದ ತೆಗೀರಿ, ಒಂದೇ ಕಡೆಯಿಂದ ಬೇಡ, ಈ ಪ್ರೊಟೀನ್ ಎಲ್ಲಾ ಕಡೆ ಒಂದೇ ಸಮ ಇರಲ್ಲ. ಹಂಗಂತ ಲೋಳೆ ಮಾತ್ರ ಹುಡುಕಿ ಹುಡುಕಿ ತುಂಬಬೇಡಿ, ಲೋಳೆ ಬಿಟ್ಟು ಒಳ್ಳೇದು ಮಾತ್ರಾನೂ ತುಂಬಬೇಡಿ. ಒಟ್ಟು ಒಂದು ಅಡಿಕೆಯಷ್ಟಿದ್ರೆ ಧಾರಾಳ. ಲ್ಯಾಬಿನವರು ತೂಗೋದು 0.1 ಗ್ರಾಂ ಅಥವಾ ಅದಕ್ಕಿಂತ ಕಮ್ಮಿ! ಡಬ್ಬಿ ತುಂಬ ತುರುಕಿದ್ರೆ ಒಳಗೆ ಗ್ಯಾಸ್ ಕಟ್ಟಿ ಮುಚ್ಚಳ ತೆಗೆಯೋ ಹುಡುಗಿ ಮುಖಕ್ಕೆ ಹಾರುತ್ತೆ, ಪಾಪ. ಬೆಂಕಿಪೊಟ್ಟಣದಲ್ಲಿ, ಸಿರಪ್ ಬಾಟಲಲ್ಲಿ ತರೋ ಕಾಲ ಹೋಯ್ತು ಅನ್ಕೊಂಡಿದ್ದೆ, ಈಗಲೂ ಬರುತ್ತೆ. ದಯವಿಟ್ಟು ಬೇಡ.

ನನಗೆ ಕ್ರೋನ್ಸ್ ಇದೆ, ಐಟಿ ಕೆಲಸ. ಮಾರ್ಚಲ್ಲಿ 110 ಬಂತು, ಏಪ್ರಿಲ್ಲಲ್ಲಿ ಬೇರೆ ಲ್ಯಾಬಲ್ಲಿ 340. ಹೊಟ್ಟೆ ಆರಾಮಾಗೇ ಇದೆ. ಎರಡನೇ ಸಲ ಸ್ಯಾಂಪಲ್ ಸರಿಯಾಗಿ ಇಡ್ಲಿಲ್ಲ ಅಂತ ಹೀಗೆ ಏರಿತಾ? ಹೋಂ ಕಲೆಕ್ಷನ್ ಹುಡುಗ 6 ಗಂಟೆದನ್ನ 11ಕ್ಕೆ ತಗೊಂಡು ಹೋದ, ಅಲ್ಲೀತನಕ ಫ್ರಿಜ್ಜಲ್ಲಿತ್ತು.
*ಬೆಂಗಳೂರು*

ಇಲ್ಲ. ಇಟ್ಟಿದ್ದಕ್ಕೆ ಇದು ಏರಲ್ಲ, ಇಳಿಯುತ್ತೆ, ರಾಯಚೂರಿನವರಿಗೆ ಹೇಳಿದ್ದು ಅದೇ. ಫ್ರಿಜ್ಜಲ್ಲಿ ಐದು ಗಂಟೆ ಏನೂ ಅಲ್ಲ. ನೀವು ಅನುಮಾನ ಪಡಬೇಕಾದ್ದು 340ನ್ನಲ್ಲ, 110ನ್ನ. ಮಾರ್ಚಿನ ಸ್ಯಾಂಪಲ್ ಹೇಗೆ ಹೋಯ್ತು ನೆನಪು ಮಾಡ್ಕೊಳ್ಳಿ, ಆಫೀಸಿಗೆ ಹೋಗೋ ದಾರೀಲಿ ಕೊಡೋಣ ಅಂತ ಸ್ಕೂಟರ್ ಡಿಕ್ಕಿಯಲ್ಲಿಟ್ಟು, ಟ್ರಾಫಿಕ್ಕಲ್ಲಿ ನಿಂತು, ಕೊನೆಗೆ ಸಂಜೆ ಕೊಟ್ರಾ? ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿ ಒಳಗೆ ಕೈ ಹಾಕಿ ನೋಡಿ, ಸೀಟಿನ ಕೆಳಗೇ ಇಂಜಿನ್ ಬಿಸಿ ಬೇರೆ.

ಅದಲ್ಲದೆ ಇನ್ನೂ ಕಾರಣ ಇದೆ. ಒಂದು ಕಂಪನಿಯ ಟೆಸ್ಟ್ ಕಿಟ್ಟಿನ ನಂಬರಿಗೂ ಇನ್ನೊಂದರ ನಂಬರಿಗೂ ತಾಳೆ ಹಾಕೋಕಾಗಲ್ಲ, ಲ್ಯಾಬ್ ಬದಲಾದ್ರೆ ಕಿಟ್ಟೂ ಬದಲಾಗಿರಬಹುದು, ಹಾಗಾಗಿ ನಿಮ್ಮ ತರ ವರ್ಷಗಟ್ಟಲೆ ನೋಡ್ಕೊಂಡು ಹೋಗೋರು ಆಫರ್ ಇದೆ ಅಂತ ಲ್ಯಾಬ್ ಬದಲಾಯಿಸಬೇಡಿ. ಒಂದೇ ಮನುಷ್ಯನಲ್ಲೂ ದಿನದಿಂದ ದಿನಕ್ಕೆ, ಒಂದೇ ದಿನ ಬೆಳಿಗ್ಗೆ ಸಂಜೆಗೂ ನಂಬರ್ ಓಲಾಡುತ್ತೆ, ಮಲ ಕರುಳಲ್ಲಿ ಎಷ್ಟು ಹೊತ್ತು ನಿಂತಿತ್ತೋ ಅಷ್ಟು ಜಾಸ್ತಿ ಸೇರ್ಕೊಳ್ಳುತ್ತೆ. ಅದಕ್ಕೇ ಬೆಳಗಿನ ಮೊದಲನೇದು ಕೊಡಿ ಅನ್ನೋದು, ಪ್ರತಿ ಸಲ ಅದನ್ನೇ ಕೊಟ್ರೆ ಹೋಲಿಸೋಕಾದ್ರೂ ಅರ್ಥ ಇರುತ್ತೆ. ಆಮೇಲೆ ಏಪ್ರಿಲ್ಲಲ್ಲಿ ಬೆನ್ನುನೋವು ಅಂತ ಐಬುಪ್ರೊಫೆನ್, ಡೈಕ್ಲೋಫೆನಾಕ್ ಏನಾದ್ರೂ ನುಂಗಿದ್ರಾ? ಅದರಿಂದ ನಿಜವಾಗ್ಲೂ ಏರುತ್ತೆ, ಗ್ಯಾಸ್ಟ್ರಿಕ್‌ಗೆ ಅಂತ ದಿನಾ ತಗೊಳ್ಳೋ ಪ್ಯಾಂಟೊಪ್ರಜೋಲ್ ತರದ್ದರಿಂದಲೂ ಏರಬಹುದು. ತಗೊಂಡಿದ್ರೆ ಡಾಕ್ಟ್ರಿಗೆ ಹೇಳಿ. ಹಂಗಂತ ಹಾರ್ಟಿಗೆ ಬರೆದಿರೋ ಆಸ್ಪಿರಿನ್ನನ್ನ ಈ ಟೆಸ್ಟಿಗೋಸ್ಕರ ನೀವಾಗೇ ನಿಲ್ಲಿಸೋ ಸಾಹಸ ಯಾರೂ ಮಾಡಬೇಡಿ.

340ನ್ನ ಕಡೆಗಣಿಸಬೇಡಿ, ಹೊಟ್ಟೆ ಆರಾಮಾಗಿದ್ದಾಗಲೂ ಒಳಗೆ ಉರಿಯೂತ ಮೊದಲೇ ಶುರುವಾಗಿರುತ್ತೆ ಎಷ್ಟೋ ಸಲ. ಅದೇ ಲ್ಯಾಬಲ್ಲಿ ಇನ್ನೊಂದ್ಸಲ ಮಾಡಿಸಿ ನಿಮ್ಮ ಗ್ಯಾಸ್ಟ್ರೋ ಡಾಕ್ಟ್ರನ್ನ ನೋಡಿ.

ಒಂದೂವರೆ ವರ್ಷದ ಮಗು. ಡೈಪರಿಂದ ತೆಗೆದು ಕೊಡಬಹುದಾ? ರಿಪೋರ್ಟಲ್ಲಿ 50ಕ್ಕಿಂತ ಜಾಸ್ತಿ ಬಂದ್ರೆ ಭಯ ಪಡಬೇಕಾ?
*ಶಿವಮೊಗ್ಗ*

ಡೈಪರ್ ನೀರನ್ನ ಹೀರ್ಕೊಳ್ಳುತ್ತೆ, ಉಳಿದದ್ದು ಗಟ್ಟಿಯಾಗಿ ನಂಬರ್ ಜಾಸ್ತಿ ತೋರಿಸಬಹುದು. ಡೈಪರ್ ಒಳಗೆ ತೆಳು ಪ್ಲಾಸ್ಟಿಕ್ ಹಾಸಿ ಹಾಕಿ, ಕಕ್ಕ ಮಾಡಿದ ಕೂಡ್ಲೇ ತೆಗೀರಿ, ಮೂತ್ರ ಬೆರೆತಿದ್ರೆ ಬಿಟ್ಟು ಮುಂದಿನ ಸಲ ನೋಡಿ. ಪಾಟಿ ಸೀಟಲ್ಲಿ ಕೂರೋ ಮಗು ಆದ್ರೆ ಇನ್ನೂ ಸಲೀಸು.

50ರ ಗೆರೆ ದೊಡ್ಡೋರಿಗೆ. ನಾಲ್ಕು ವರ್ಷದೊಳಗಿನ ಮಕ್ಕಳಲ್ಲಿ ಏನೂ ಕಾಯಿಲೆ ಇಲ್ಲದಿದ್ರೂ ಜಾಸ್ತಿನೇ ಇರುತ್ತೆ, ಎಳೇ ಕೂಸುಗಳಲ್ಲಿ ನೂರಾರು ಬರೋದೂ ಉಂಟು. ಲ್ಯಾಬಿನ ಕಂಪ್ಯೂಟರ್ ಮಗು ಅಂತ ನೋಡದೆ ಕೆಂಪಕ್ಷರದಲ್ಲಿ ಹೈ ಅಂತ ಹಾಕುತ್ತೆ. ಮಕ್ಕಳ ಡಾಕ್ಟ್ರು ನೋಡೋ ತನಕ ಗೂಗಲ್ ಮಾಡಬೇಡಿ.

ಪೀರಿಯಡ್ಸ್ ಟೈಮಲ್ಲಿ ಕೊಡಬಹುದಾ? ಮತ್ತೆ ಮುಂದಿನ ವಾರ ಕೊಲೊನೊಸ್ಕೊಪಿ ಇದೆ, ಅದಾದ ಮೇಲೆ ಕೊಡ್ಲಾ?
*ಹೆಸರು ಬೇಡ ಎಂದಿದ್ದಾರೆ*

ಪೀರಿಯಡ್ಸ್ ಮುಗಿದ ಮೇಲೆ ಕೊಡಿ, ರಕ್ತ ಬೆರೆತ್ರೆ ರಕ್ತದಲ್ಲಿರೋ ನ್ಯೂಟ್ರೋಫಿಲ್ಲೂ ಲೆಕ್ಕಕ್ಕೆ ಬರುತ್ತೆ. ಮೂಲವ್ಯಾಧಿಯಿಂದ ರಕ್ತ ಬರ್ತಿದ್ರೂ ಲ್ಯಾಬಲ್ಲಿ ಬರೆಸಿ. ಕೊಲೊನೊಸ್ಕೊಪಿಗೆ ಹೊಟ್ಟೆ ಕ್ಲೀನ್ ಮಾಡೋ ಔಷಧಿ ಕುಡಿಯೋ ಮೊದಲೇ ಸ್ಯಾಂಪಲ್ ಎತ್ತಿಡಿ, ಕುಡಿದ ಮೇಲೆ ಬರೋದು ಬರೀ ನೀರು, ಅದರಲ್ಲಿ ಅಳೆದ ನಂಬರನ್ನ ನಂಬೋಕಾಗಲ್ಲ.

ಸರ್/ಮೇಡಂ, ನಾನು ಚಿತ್ರದುರ್ಗ ಜಿಲ್ಲೆಯ ಒಂದು ತಾಲೂಕು ಲ್ಯಾಬಲ್ಲಿ ಟೆಕ್ನಿಷಿಯನ್. ನಮ್ಮಲ್ಲಿ ಈ ಟೆಸ್ಟ್ ಇಲ್ಲ, ಬೆಂಗಳೂರಿಗೆ ಕಳಿಸ್ತೀವಿ. ಶುಕ್ರವಾರ ಸಂಜೆ ಬಂದ ಸ್ಯಾಂಪಲ್ ಸೋಮವಾರ ಗಾಡಿ ಬರೋ ತನಕ ಇರುತ್ತೆ. ಫ್ರೀಜರಲ್ಲಿಡ್ಲಾ, ಕೆಳಗಿಡ್ಲಾ? ಓನರ್ "ಏನಾಗಲ್ಲ" ಅಂತಾರೆ.

ನಿಮ್ಮ ತರ ಕೇಳೋರು ತಾಲೂಕಿಗೊಬ್ರು ಇದ್ರೆ ಸಾಕು.

ಶುಕ್ರವಾರ ಸಂಜೆಯಿಂದ ಸೋಮವಾರ ಅಂದ್ರೆ ನಿಮ್ಮ ಕೈಯಲ್ಲೇ ಮೂರು ದಿನ, ಅದಕ್ಕೆ ಮೊದಲು ಪೇಷಂಟ್ ಮನೇಲಿ ಎಷ್ಟು ಹೊತ್ತಿತ್ತೋ ಅದು ಬೇರೆ, ಆಮೇಲೆ ಬೆಂಗಳೂರಲ್ಲಿ ಬ್ಯಾಚ್ ಹಾಕೋ ತನಕ ಇನ್ನೂ ಬೇರೆ. ಕಿಟ್ಟಿನ ಟೆಸ್ಟ್ ದಿನಾ ಹಾಕಲ್ಲ, ಹಲವು ಸ್ಯಾಂಪಲ್ ಒಟ್ಟಿಗೆ ಹಾಕೋ ಪ್ಲೇಟ್ ತುಂಬೋ ತನಕ ಕಾಯೋ ಲ್ಯಾಬ್ ಇರುತ್ತೆ. ಹಾಗಾಗಿ ಮೊದಲನೇ ಕೆಲಸ, ಬಂದ ಕೂಡ್ಲೇ 2ರಿಂದ 8 ಡಿಗ್ರಿ ಫ್ರಿಜ್ಜಿಗೆ ಹಾಕೋದು, ಕೌಂಟರ್ ಟ್ರೇಯಲ್ಲಿ "ಆಮೇಲೆ ಎತ್ತಿಡೋಣ" ಅಂತ ಬಿಡೋದಲ್ಲ. ರಿಜಿಸ್ಟರಲ್ಲಿ ಎರಡು ಟೈಮ್ ಬರೀರಿ: ಪೇಷಂಟ್ ತೆಗೆದದ್ದು, ನಿಮಗೆ ಬಂದದ್ದು. ನಮ್ಮ ಲ್ಯಾಬುಗಳಲ್ಲಿ ಎರಡನೇದನ್ನೇ ಮೊದಲನೇದು ಅಂತ ಕಂಪ್ಯೂಟರಿಗೆ ಹಾಕೋ ಅಭ್ಯಾಸ ಇದೆ, ರಿಪೋರ್ಟಲ್ಲಿ ಕಲೆಕ್ಷನ್ ಟೈಮ್ ಅಂತ ಬರೋದು ಎಷ್ಟೋ ಸಲ ಬಿಲ್ ಮಾಡಿದ ಟೈಮು. ಬೆಂಗಳೂರಿನೋರಿಗೆ ಸ್ಯಾಂಪಲ್ ತಾಜಾ ಅನ್ನಿಸುತ್ತೆ, ಅದು ನಿನ್ನೆ ಮಧ್ಯಾಹ್ನ ಬಸ್ಸಲ್ಲಿ ಬೆಂದಿರುತ್ತೆ.

ಮೂರು ದಿನ ದಾಟೋದು ಖಾತ್ರಿ ಆದ್ರೆ ಮೈನಸ್ 20ಕ್ಕೆ ಫ್ರೀಜ್ ಮಾಡಿ, ಆದ್ರೆ ಒಂದೇ ಸಲ. ಕರಗಿಸಿ ಮತ್ತೆ ಫ್ರೀಜ್ ಮಾಡಿದ್ರೆ ಕಣಗಳು ಒಡೆದು ನಂಬರ್ ಹೆಚ್ಚುಕಮ್ಮಿ ಆಗುತ್ತೆ. ಫ್ರೀಜ್ ಮಾಡಿದ್ರೆ ಗಾಡಿಯಲ್ಲೂ ಫ್ರೀಜ್ ಆಗೇ ಹೋಗಬೇಕು, ದಾರೀಲಿ ಕರಗೋ ಹಾಗಿದ್ರೆ ಅದಕ್ಕಿಂತ ಫ್ರಿಜ್ಜಲ್ಲೇ ಇಟ್ಟು ಕೋಲ್ಡ್ ಬಾಕ್ಸಲ್ಲಿ ಕಳಿಸೋದು ವಾಸಿ. ಮನೆ ಬಳಕೆಯ ಫ್ರಾಸ್ಟ್ ಫ್ರೀ ಫ್ರಿಜ್ ಇಟ್ಕೊಂಡಿದ್ರೆ ಅದರ ಫ್ರೀಜರ್ ನಂಬಬೇಡಿ, ಐಸ್ ಕಟ್ಟಬಾರದು ಅಂತ ಅದು ಆಗಾಗ ತಾನೇ ಬಿಸಿ ಆಗುತ್ತೆ. ಕರೆಂಟ್ ಹೋದಾಗ ಎಷ್ಟು ಏರುತ್ತೆ ನೋಡೋಕೆ ಒಳಗೊಂದು ಥರ್ಮಾಮೀಟರ್ ಇಡಿ, ಬೆಳಿಗ್ಗೆ ಸಂಜೆ ಬರೀರಿ.

ಇದಕ್ಕಿಂತ ಒಳ್ಳೇ ದಾರಿ ಒಂದಿದೆ, ಬೆಂಗಳೂರಿನ ಲ್ಯಾಬಿನವರನ್ನ ಎಕ್ಸ್‌ಟ್ರಾಕ್ಷನ್ ಟ್ಯೂಬ್ ಕೇಳಿ. ಒಳಗೆ ಬಫರ್ ಅನ್ನೋ ದ್ರಾವಣ ಇರುತ್ತೆ, ಗೀರು ಗೀರು ಇರೋ ಕಡ್ಡಿ ಇರುತ್ತೆ, ಕಡ್ಡಿನ ಮಲಕ್ಕೆ ಚುಚ್ಚಿ ತೂರಿಸಿದ್ರೆ ಮೇಲೆ ಅಂಟಿದ್ದೆಲ್ಲಾ ಕಿರಿದಾದ ಬಾಯಲ್ಲಿ ಒರೆಸಿಹೋಗಿ ಗೀರಲ್ಲಿ ಕೂತಷ್ಟೇ ಒಳಗೆ ಹೋಗುತ್ತೆ, ತೂಗೋ ಕೆಲಸನೇ ಇಲ್ಲ. ಬಫರಲ್ಲಿ ಬೆರೆತ ಮೇಲೆ ಪ್ರೊಟೀನ್ ಹಸಿ ಮಲದಲ್ಲಿರೋದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತೆ, ಎಷ್ಟು ದಿನ ಅಂತ ಆಯಾ ಕಿಟ್ಟಿನ ಚೀಟಿಯಲ್ಲಿ ಇರುತ್ತೆ, ಅದನ್ನೇ ಅನುಸರಿಸಿ. ತೀರಾ ನೀರಾದ ಮಲ ಗೀರಲ್ಲಿ ನಿಲ್ಲಲ್ಲ, ಕಡ್ಡಿ ಖಾಲಿ ಹೋಗಿ ಸುಳ್ಳು ಕಮ್ಮಿ ಬರುತ್ತೆ, ಅಂಥದ್ದನ್ನ ಪಿಪೆಟ್ಟಲ್ಲಿ ಅಳೆದು ಹಾಕಬೇಕು, ಅಥವಾ ಹಾಗೇ ಕಳಿಸಿ "ನೀರು ಮಲ" ಅಂತ ಫಾರ್ಮಲ್ಲಿ ಬರೀರಿ. ಕಲ್ಲಿನ ತರ ಗಟ್ಟಿ ಇದ್ರೆ ಚೆನ್ನಾಗಿ ಕದಡಿ, ಗಂಟು ಉಳಿದ್ರೆ ಅದರೊಳಗಿನ ಪ್ರೊಟೀನ್ ಹೊರಗೇ ಬರಲ್ಲ.

ಓನರಿಗೆ ಹೇಳೋದು ಹೀಗೆ ಹೇಳಿ ನೋಡಿ: ಸ್ಯಾಂಪಲ್ ತಗೊಳ್ಳೋದನ್ನ ಭಾನುವಾರ ಸಂಜೆಗೋ ಸೋಮವಾರ ಬೆಳಿಗ್ಗೆಗೋ ಹಾಕಿದ್ರೆ ಒಂದು ರೂಪಾಯಿ ಖರ್ಚಿಲ್ಲ. ಶುಕ್ರವಾರ ಬಂದೋರಿಗೆ ಖಾಲಿ ಡಬ್ಬಿ ಕೊಟ್ಟು, ಹೇಗೆ ಹಿಡಿಯೋದು ಅಂತ ಬಾಯಲ್ಲಿ ಹೇಳಿ, ಸೋಮವಾರ ಬೆಳಗಿನ ಮೊದಲನೇದು ತನ್ನಿ ಅನ್ನಿ. ಜೀವ ಹೋಗೋ ಅರ್ಜೆಂಟ್ ಟೆಸ್ಟ್ ಅಲ್ಲ ಇದು. ರಕ್ತ ಭೇದಿ, ಜ್ವರ ಜೋರಾಗಿರೋ ಪೇಷಂಟ್ ಆದ್ರೆ ಈ ಟೆಸ್ಟಿಗೆ ಕಾಯೋದೇ ತಪ್ಪು, ಸೀದಾ ಆಸ್ಪತ್ರೆಗೆ ಕಳಿಸಿ. ಆಮಶಂಕೆ ಇರಲಿ, ಕರುಳಿನ ಟಿಬಿ ಇರಲಿ, ಕ್ರೋನ್ಸ್ ಇರಲಿ, ಮೂರರಲ್ಲೂ ಈ ನಂಬರ್ ಏರುತ್ತೆ, ಯಾವುದು ಅಂತ ಇದೊಂದೇ ಹೇಳಲ್ಲ.